ದಮ್ಮಿನ ರೋಗಿಯ ತೂಕ ನೋಡಿ, ತೊಡೆ ನೋಡಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು

ವಿಷಯ: ದೀರ್ಘಕಾಲದ ಶ್ವಾಸಕೋಶ ರೋಗಿಗಳ ಆಹಾರ ಮತ್ತು ಸ್ನಾಯುಬಲದ ಆರೈಕೆಯನ್ನು ಎನ್‌ಸಿಡಿ (ಅಸಾಂಕ್ರಾಮಿಕ ರೋಗಗಳ) ಕ್ಲಿನಿಕ್‌ಗಳ ಚಿಕಿತ್ಸೆಗೆ ಸೇರಿಸುವ ಕುರಿತು

ಮಾನ್ಯರೇ,

ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ ಕ್ಲಿನಿಕ್‌ಗೆ ಸಕ್ಕರೆ ಕಾಯಿಲೆಯವರು ಬಂದರೆ ರಕ್ತ ಪರೀಕ್ಷೆ ಆಗುತ್ತದೆ. ಬಿ.ಪಿ. ಇರುವವರ ತೋಳಿಗೆ ಪಟ್ಟಿ ಸುತ್ತಿ ಅಂಕಿ ಬರೆದುಕೊಳ್ಳುತ್ತಾರೆ. ಸಿಒಪಿಡಿ, ಅಂದರೆ ಗಾಳಿನಾಳ ಕಿರಿದಾಗಿ ದಮ್ಮು ಕಟ್ಟುವ ದೀರ್ಘಕಾಲದ ಶ್ವಾಸಕೋಶ ರೋಗ, ಇರುವವರು ಬಂದರೆ ಎದೆಗೆ ಸ್ಟೆತಾಸ್ಕೋಪ್ ಇಟ್ಟು, ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ, ಇನ್‌ಹೇಲರ್ ದಾಸ್ತಾನಿದ್ದರೆ ಇನ್‌ಹೇಲರ್, ಇಲ್ಲದಿದ್ದರೆ ಮಾತ್ರೆ ಬರೆದು ಕಳಿಸುವುದು ವಾಡಿಕೆ. ಅವರು ಹೋದ ವರ್ಷಕ್ಕಿಂತ ಆರು ಕೆಜಿ ಇಳಿದಿದ್ದಾರೆ, ಬೆಂಚಿನಿಂದ ಏಳಲು ಎರಡೂ ಕೈ ಊರಿದರು, ಅಂಗಿಯ ಭುಜ ಜೋತುಬಿದ್ದಿದೆ ಎಂಬ ಸಂಗತಿಗಳು ಚೀಟಿಯಲ್ಲಿ ಎಲ್ಲೂ ದಾಖಲಾಗುವುದಿಲ್ಲ. ಇವು ಅವರ ಆಯುಷ್ಯವನ್ನು ಎಫ್‌ಇವಿ1 (ಜೋರಾಗಿ ಊದಿದಾಗ ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ) ಅಂಕಿಯಷ್ಟೇ ನೇರವಾಗಿ ಹೇಳುವ ಸಂಗತಿಗಳು.

ಶ್ವಾಸಕೋಶ ರೋಗಿಗಳ ಆರೈಕೆಯಲ್ಲಿರುವ ವೈದ್ಯರು, ಫಿಸಿಯೋಥೆರಪಿಸ್ಟ್‌ಗಳು ಮತ್ತು ಆಹಾರ ತಜ್ಞರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ನಾವು ಕೇಳುತ್ತಿರುವುದು ದುಬಾರಿ ಯಂತ್ರವನ್ನಲ್ಲ. ಒಂದು ತಕ್ಕಡಿ, ಒಂದು ಅಳತೆ ಟೇಪು, ಕೈಯಿಲ್ಲದ ಒಂದು ಕುರ್ಚಿ, ಎಂಟು ವಾರದ ವ್ಯಾಯಾಮ ಮತ್ತು ಅಷ್ಟೂ ದಿನ ಕೊರತೆಯಾಗದ ಬೇಳೆ, ಹಾಲು, ಮೊಟ್ಟೆ, ಶೇಂಗಾ.

ಮೊದಲು ಸಮಸ್ಯೆಯ ಗಾತ್ರ. 2016ರ ಅಂದಾಜಿನ ಪ್ರಕಾರ ಭಾರತದಲ್ಲಿ ಸುಮಾರು 5.5 ಕೋಟಿ ಜನರಿಗೆ ಸಿಒಪಿಡಿ ಇತ್ತು. ಜಗತ್ತಿನ ಜನಸಂಖ್ಯೆಯಲ್ಲಿ ನಮ್ಮ ಪಾಲು ಶೇ 18 ಆದರೆ, ದೀರ್ಘಕಾಲದ ಉಸಿರಾಟದ ರೋಗಗಳಿಂದ ಆಗುವ ಆಯುರಾರೋಗ್ಯ ನಷ್ಟದಲ್ಲಿ ಶೇ 32. ಬೀಡಿ, ಸಿಗರೇಟು ಇದಕ್ಕೆ ಪೂರ್ತಿ ಕಾರಣವಲ್ಲ. ಸೌದೆ ಒಲೆಯ ಮುಂದೆ ದಿನಕ್ಕೆ ಎಷ್ಟು ಗಂಟೆ, ಎಷ್ಟು ವರ್ಷ ಎಂದು ಗುಣಿಸಿದರೆ ಬರುವ ಸಂಖ್ಯೆ 60ನ್ನು ದಾಟಿದರೆ ಅಂಥ ಹೆಂಗಸರಲ್ಲಿ ದೀರ್ಘಕಾಲದ ಬ್ರಾಂಕೈಟಿಸ್ (ಗಾಳಿನಾಳದ ಉರಿಯೂತ) ಎದ್ದು ಕಾಣುತ್ತದೆ ಎಂದು ಮೈಸೂರು ಜಿಲ್ಲೆಯ ಹಳ್ಳಿಗಳಲ್ಲೇ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ದಿನಕ್ಕೆ ನಾಲ್ಕು ಗಂಟೆಯಂತೆ ಹದಿನೈದು ವರ್ಷ ಅಡುಗೆ ಮಾಡಿದರೆ ಅಷ್ಟಾಯಿತು. ಇದರ ಜೊತೆಗೆ ಕ್ಷಯ ವಾಸಿಯಾದ ಮೇಲೂ ಶ್ವಾಸಕೋಶದಲ್ಲಿ ಕಲೆ ಉಳಿದು ಏದುಸಿರು ಪಡುವವರಿದ್ದಾರೆ, ಕಲ್ಲು ಕ್ವಾರಿಗಳಲ್ಲಿ ದೂಳು ಕುಡಿದವರಿದ್ದಾರೆ. ಇವರಲ್ಲಿ ಬಹಳ ಮಂದಿ ಮೊದಲೇ ಬಡಕಲು ದೇಹದವರು. ರೋಗ ಬಂದಾಗ ಕರಗಿಸಲು ಅವರ ಮೈಯಲ್ಲಿ ದಾಸ್ತಾನೇ ಇರುವುದಿಲ್ಲ.

ಶ್ವಾಸಕೋಶದ ಕಾಯಿಲೆಯಲ್ಲಿ ತೊಡೆ ಏಕೆ ಸೊರಗುತ್ತದೆ? ಹಲವು ಕಾರಣಗಳು ಒಟ್ಟಿಗೆ ಕೆಲಸ ಮಾಡುತ್ತವೆ. ಕಿರಿದಾದ ಗಾಳಿನಾಳದಲ್ಲಿ ಉಸಿರು ಪೂರ್ತಿ ಹೊರಹೋಗದೆ ಎದೆ ಉಬ್ಬಿಕೊಂಡೇ ಇರುತ್ತದೆ. ಗುಮ್ಮಟದಂತೆ ಇರಬೇಕಾದ ವಪೆ (ಎದೆ, ಹೊಟ್ಟೆಗಳ ನಡುವಿನ ಉಸಿರಾಟದ ಸ್ನಾಯು) ಚಪ್ಪಟೆಯಾಗಿ, ಪ್ರತಿ ಉಸಿರಿಗೂ ಕುತ್ತಿಗೆ, ಪಕ್ಕೆಲುಬಿನ ಸ್ನಾಯುಗಳು ದುಡಿಯಬೇಕಾಗುತ್ತದೆ. ಹೀಗಾಗಿ ಸುಮ್ಮನೆ ಕೂತಿದ್ದರೂ ಅನೇಕರ ದೇಹ ಶೇ 10ರಿಂದ 20ರಷ್ಟು ಹೆಚ್ಚು ಶಕ್ತಿ ಸುಡುತ್ತದೆ. ಖರ್ಚು ಏರುವ ಹೊತ್ತಿಗೇ ಊಟ ಇಳಿಯುತ್ತದೆ. ಪ್ರತಿ ತುತ್ತು ನುಂಗುವಾಗಲೂ ಉಸಿರು ಕ್ಷಣಕಾಲ ನಿಲ್ಲಲೇಬೇಕು, ಆ ಕ್ಷಣವೂ ಅವರಿಗೆ ದೊಡ್ಡದು. ಹೊಟ್ಟೆ ತುಂಬಿದರೆ ಅದು ವಪೆಯನ್ನು ಮೇಲಕ್ಕೆ ಒತ್ತಿ ಇನ್ನಷ್ಟು ಉಬ್ಬಸ ತರುತ್ತದೆ. ಆದ್ದರಿಂದ ಅರ್ಧ ಮುದ್ದೆಗೇ ಕೈ ತೊಳೆಯುತ್ತಾರೆ. ಮನೆಯವರು ಬಾಯಿರುಚಿ ಕೆಟ್ಟಿದೆ ಎಂದುಕೊಳ್ಳುತ್ತಾರೆ.

ತೊಡೆಯ ಒಳಗೂ ಬದಲಾವಣೆ ಆಗುತ್ತದೆ. ದಣಿವಿಲ್ಲದೆ ದುಡಿಯುವ ಎಳೆಗಳು ಕಡಿಮೆಯಾಗಿ, ಬೇಗ ಸೋಲುವ ಎಳೆಗಳ ಪಾಲು ಹೆಚ್ಚುತ್ತದೆ. ನಾಲ್ಕು ಹೆಜ್ಜೆಗೇ ಲ್ಯಾಕ್ಟಿಕ್ ಆಮ್ಲ ಕೂಡಿಕೊಳ್ಳುತ್ತದೆ, ಅದನ್ನು ನಿಭಾಯಿಸಲು ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಹಾಕಬೇಕು, ಅಂದರೆ ಹೆಚ್ಚು ಉಸಿರಾಡಬೇಕು. ಮೆಟ್ಟಿಲು ಹತ್ತುವಾಗಿನ ದಮ್ಮಿಗೆ ಎದೆಯಷ್ಟೇ ತೊಡೆಯೂ ಕಾರಣ. ದಮ್ಮು ಬರುತ್ತದೆಂದು ಓಡಾಟ ಬಿಟ್ಟರೆ ತೊಡೆ ಇನ್ನೂ ಸೊರಗುತ್ತದೆ, ಮುಂದಿನ ಸಲ ಎರಡೇ ಮೆಟ್ಟಿಲಿಗೆ ದಮ್ಮು. ಇದರ ಮೇಲೆ ಕಾಯಿಲೆ ಉಲ್ಬಣಿಸಿ ಆಸ್ಪತ್ರೆ ಸೇರಿದರೆ ಏಟು ದೊಡ್ಡದು. ಬೆಲ್ಜಿಯಂನ ಲ್ಯೂವೆನ್‌ನಲ್ಲಿ ಅಳೆದಾಗ, ದಾಖಲಾದ ಮೂರನೇ ದಿನದಿಂದ ಎಂಟನೇ ದಿನದೊಳಗೆ ರೋಗಿಗಳ ತೊಡೆಬಲ ಸರಾಸರಿ ಶೇ 5ರಷ್ಟು ಕುಸಿದಿತ್ತು. ಮನೆಗೆ ಹೋದ ಮೇಲೂ ಅದು ತಾನಾಗಿ ಪೂರ್ತಿ ಮರಳುವುದಿಲ್ಲ.

ಸ್ಟೀರಾಯ್ಡ್ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ಉಬ್ಬಸ ಹೆಚ್ಚಾದಾಗ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ದಿನಕ್ಕೆ 40 ಮಿಲಿಗ್ರಾಂನಂತೆ 5 ದಿನ ಕೊಟ್ಟರೆ ಸಾಮಾನ್ಯವಾಗಿ ಸಾಕು. ಆದರೆ ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ಅದೇ ಮಾತ್ರೆಯನ್ನು ತಿಂಗಳುಗಟ್ಟಲೆ ಕೊಳ್ಳುವವರು, ವಾರಕ್ಕೊಮ್ಮೆ ‘ದಮ್ಮಿನ ಇಂಜೆಕ್ಷನ್’ ಹಾಕಿಸಿಕೊಳ್ಳುವವರು ಎಲ್ಲ ತಾಲ್ಲೂಕಿನಲ್ಲೂ ಸಿಗುತ್ತಾರೆ. ಮುಖ ದುಂಡಗಾಗಿ, ಹೊಟ್ಟೆ ಬಂದು ನೋಡುವವರಿಗೆ ಮೈ ತುಂಬಿಕೊಂಡಂತೆ ಕಾಣುತ್ತದೆ. ಅದೇ ವ್ಯಕ್ತಿಗೆ ಕುಕ್ಕರಗಾಲಿನಲ್ಲಿ ಕೂತರೆ ಏಳಲಾಗುವುದಿಲ್ಲ. ತೊಡೆ ಮತ್ತು ಸೊಂಟದ ಸ್ನಾಯು ಕರಗಿರುತ್ತದೆ, ಮೂಳೆ ಟೊಳ್ಳಾಗಿರುತ್ತದೆ, ಸಕ್ಕರೆ ಏರಿರುತ್ತದೆ. ಇದನ್ನು ಓದುವ ರೋಗಿಗಳು ಗಮನಿಸಿ: ಬಹಳ ದಿನದಿಂದ ತೆಗೆದುಕೊಳ್ಳುತ್ತಿದ್ದರೆ ಥಟ್ಟನೆ ನಿಲ್ಲಿಸಬೇಡಿ, ಪ್ರಾಣಕ್ಕೇ ಅಪಾಯ. ವೈದ್ಯರ ಬಳಿ ಹೋಗಿ ಹಂತಹಂತವಾಗಿ ಇಳಿಸಿಕೊಳ್ಳಿ. ಉಸಿರಿನಲ್ಲಿ ಎಳೆದುಕೊಳ್ಳುವ ಇನ್‌ಹೇಲರ್‌ಗೆ ಈ ಹೆದರಿಕೆ ಬೇಡ. ಸ್ಟೀರಾಯ್ಡ್ ಇರುವ ಇನ್‌ಹೇಲರ್ ಆದರೆ ಬಳಸಿದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿ, ಇಲ್ಲವಾದರೆ ನಾಲಿಗೆಯ ಮೇಲೆ ಬಿಳಿ ಪೊರೆ ಬಂದು ಊಟವೇ ಸೇರದಂತಾಗುತ್ತದೆ.

ಈಗ ಅಳತೆಯ ವಿಷಯ. 2004ರಲ್ಲಿ ಪ್ರಕಟವಾಗಿ ಇಂದಿಗೂ ಬಳಕೆಯಲ್ಲಿರುವ ಬೋಡ್ ಸೂಚ್ಯಂಕದಲ್ಲಿ ಸಿಒಪಿಡಿ ರೋಗಿಯ ಮುನ್ನೋಟವನ್ನು ನಾಲ್ಕು ಸಂಗತಿಗಳಿಂದ ಲೆಕ್ಕ ಹಾಕುತ್ತಾರೆ. ಅವು ಗಾಳಿನಾಳದ ತಡೆ, ಉಬ್ಬಸದ ತೀವ್ರತೆ, ಆರು ನಿಮಿಷದಲ್ಲಿ ನಡೆಯುವ ದೂರ ಮತ್ತು ಬಿಎಂಐ (ಎತ್ತರಕ್ಕೆ ತಕ್ಕ ತೂಕವಿದೆಯೇ ಎಂದು ತೋರುವ ಅಂಕಿ). ಬಿಎಂಐ 21 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅಪಾಯದ ಅಂಕ ಸೇರುತ್ತದೆ. ನಮ್ಮ ಕ್ಲಿನಿಕ್‌ಗಳು 18.5ರ ಮೇಲಿದ್ದರೆ ‘ನಾರ್ಮಲ್’ ಎಂದು ಬರೆದು ಬಿಡುತ್ತವೆ. ಸಿಒಪಿಡಿ ಇರುವವರಿಗೆ ಆ ಗೆರೆ ತಡವಾಯಿತು. ಐದಡಿ ಮೂರಂಗುಲದ, ಅಂದರೆ 160 ಸೆಂಟಿಮೀಟರ್‌ನ ಮನುಷ್ಯ 54 ಕೆಜಿಗೆ ಇಳಿದಾಗಲೇ ಎಚ್ಚೆತ್ತುಕೊಳ್ಳಬೇಕು, 47ಕ್ಕೆ ಇಳಿಯುವವರೆಗೆ ಕಾಯಬಾರದು.

ತೂಕವೊಂದೇ ಸಾಲದು, ಏಕೆಂದರೆ ಸ್ನಾಯು ಹೋದ ಜಾಗದಲ್ಲಿ ಕೊಬ್ಬು ತುಂಬಿಕೊಂಡು ತಕ್ಕಡಿ ಮೋಸ ಮಾಡಬಹುದು. ಅದಕ್ಕೇ ಟೇಪು. ರೋಗಿಯನ್ನು ಕೂರಿಸಿ, ಪಾದ ನೆಲಕ್ಕೆ ಊರಿಸಿ, ಮಂಡಿ 90 ಡಿಗ್ರಿ ಬಾಗಿರುವಾಗ ಮೀನಖಂಡದ ಅತ್ಯಂತ ದಪ್ಪ ಭಾಗಕ್ಕೆ ಟೇಪು ಸುತ್ತಬೇಕು. ಚರ್ಮ ಒತ್ತದಂತೆ ಹಿಡಿದು, ಮೇಲೆ ಕೆಳಗೆ ಸರಿಸಿ ಅತಿ ದೊಡ್ಡ ಅಳತೆ ಬರೆದುಕೊಳ್ಳಬೇಕು. ಏಷ್ಯಾದ ದೇಶಗಳಿಗಾಗಿ 2019ರಲ್ಲಿ ನಿಗದಿಪಡಿಸಿದ ಮಿತಿಯ ಪ್ರಕಾರ ಗಂಡಸರಿಗೆ 34, ಹೆಂಗಸರಿಗೆ 33 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಸ್ನಾಯು ಕ್ಷೀಣಿಸಿರುವ ಶಂಕೆ. ಕಾಲು ಊದಿದ್ದರೆ ಈ ಅಳತೆಗೆ ಬೆಲೆಯಿಲ್ಲ. ಮೊದಲು ಮೊಣಕಾಲ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಗುಳಿ ಬೀಳುತ್ತದೆಯೇ ನೋಡಬೇಕು. ಮೂರು ದಿನದಲ್ಲಿ ಎರಡು ಕೆಜಿ ಏರಿದರೆ ಅದು ಮಾಂಸವಲ್ಲ, ನೀರು. ಹೃದಯದ ಬಲಭಾಗ ಸೋಲುತ್ತಿರುವ ಸೂಚನೆ ಇರಬಹುದು.

ಕೊನೆಯದು ಕುರ್ಚಿ. ಸುಮಾರು 45 ಸೆಂಟಿಮೀಟರ್ ಎತ್ತರದ, ಕೈಯಿಲ್ಲದ, ಗೋಡೆಗೆ ತಾಗಿಸಿಟ್ಟ ಕುರ್ಚಿಯಲ್ಲಿ ಕೂರಿಸಿ, ಎರಡೂ ಕೈ ಎದೆಗೆ ಕಟ್ಟಿಸಿ, ಐದು ಸಲ ಎದ್ದು ಕೂರಲು ಹೇಳಿ ಮೊಬೈಲ್‌ನಲ್ಲಿ ಸಮಯ ನೋಡಬೇಕು. 12 ಸೆಕೆಂಡು ಅಥವಾ ಹೆಚ್ಚು ಬೇಕಾದರೆ ಕಾಲಿನ ಬಲ ಕುಂದಿದೆ. ಕೈ ಊರದೆ ಏಳಲಾಗದಿದ್ದರೆ ಸಮಯ ನೋಡುವ ಅಗತ್ಯವೇ ಇಲ್ಲ. ಪರೀಕ್ಷೆಯ ಹೊತ್ತಿನಲ್ಲಿ ಬೆರಳಿಗೆ ಆಕ್ಸಿಮೀಟರ್ ಇರಲಿ, 88ಕ್ಕಿಂತ ಕೆಳಗಿಳಿದರೆ ನಿಲ್ಲಿಸಬೇಕು. ಈ ಮೂರೂ ಅಳತೆಗೆ ಒಬ್ಬ ಸ್ಟಾಫ್ ನರ್ಸ್‌ಗೆ ಐದಾರು ನಿಮಿಷ ಸಾಕು. ಆರು ತಿಂಗಳಲ್ಲಿ ಶೇ 5ಕ್ಕಿಂತ ಹೆಚ್ಚು ತೂಕ ಇಳಿದಿದ್ದರೆ, ಅಂದರೆ 50 ಕೆಜಿಯವರು 47.5ಕ್ಕಿಂತ ಕೆಳಗಿಳಿದಿದ್ದರೆ, ಉಳಿದೆರಡು ಅಳತೆ ಚೆನ್ನಾಗಿದ್ದರೂ ಆಹಾರದ ನೆರವು ಶುರುವಾಗಬೇಕು. ಜೊತೆಗೆ ಕಫ ಪರೀಕ್ಷೆ ಆಗಲೇಬೇಕು. ತೂಕ ಇಳಿದದ್ದಕ್ಕೆಲ್ಲ ಸಿಒಪಿಡಿಯನ್ನು ಹೊಣೆ ಮಾಡಿ, ಹಿಂದೆ ಅಡಗಿದ ಕ್ಷಯವನ್ನೋ ಕ್ಯಾನ್ಸರನ್ನೋ ಸಕ್ಕರೆ ಕಾಯಿಲೆಯನ್ನೋ ತಪ್ಪಿಸಿಕೊಳ್ಳಬಾರದು.

ಆಹಾರಕ್ಕೆ ಬರೋಣ. ಆರೋಗ್ಯವಂತ ವಯಸ್ಕರಿಗೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೇಳುವ ಪ್ರೋಟೀನ್ ಪ್ರಮಾಣ ದೇಹತೂಕದ ಪ್ರತಿ ಕೆಜಿಗೆ ದಿನಕ್ಕೆ 0.83 ಗ್ರಾಂ. ಸ್ನಾಯು ಸೊರಗಿದ ಶ್ವಾಸಕೋಶ ರೋಗಿಗೆ 1.2ರಿಂದ 1.5 ಗ್ರಾಂ ಬೇಕು, ಶಕ್ತಿ ಕೆಜಿಗೆ 30 ಕಿಲೋಕ್ಯಾಲರಿಗೆ ಕಡಿಮೆಯಿಲ್ಲದಂತೆ, ತೀರಾ ಸೊರಗಿದವರಿಗೆ 35ರವರೆಗೆ. 45 ಕೆಜಿಯ ಒಬ್ಬ ಅಜ್ಜಿಯ ಲೆಕ್ಕ ನೋಡಿ. ಆಕೆಗೆ ದಿನಕ್ಕೆ 54 ಗ್ರಾಂ ಪ್ರೋಟೀನ್ ಆದರೂ ಬೇಕು. ಬೆಳಿಗ್ಗೆ ಬನ್ನು, ಟೀ. ಮಧ್ಯಾಹ್ನ ಅರ್ಧ ಮುದ್ದೆ, ತಿಳಿಸಾರು. ರಾತ್ರಿ ಅನ್ನ, ಮಜ್ಜಿಗೆ. ಇಷ್ಟೇ ತಿಂದರೆ ಸೇರುವುದು 25 ಗ್ರಾಂ ಆಸುಪಾಸು.

ಅದೇ ಅಡುಗೆಮನೆಯಲ್ಲಿ ಲೆಕ್ಕ ಸರಿಪಡಿಸಬಹುದು. ಬೆಳಿಗ್ಗೆ 30 ಗ್ರಾಂ ರಾಗಿ ಹುರಿಹಿಟ್ಟನ್ನು ನೀರಿನ ಬದಲು 200 ಮಿಲಿ ಹಾಲಿನಲ್ಲಿ ಕಾಯಿಸಿ, ಒಂದು ಚಮಚ ತುಪ್ಪ, ಚೂರು ಬೆಲ್ಲ ಹಾಕಿದರೆ ಎಂಟೂವರೆ ಗ್ರಾಂ ಪ್ರೋಟೀನ್, 300 ಕಿಲೋಕ್ಯಾಲರಿ. ಹತ್ತೂವರೆಗೆ ಬೇಯಿಸಿದ ಒಂದು ಮೊಟ್ಟೆ, 6 ಗ್ರಾಂ. ಮೊಟ್ಟೆ ತಿನ್ನದವರಿಗೆ 30 ಗ್ರಾಂ ಹುರಿಗಡಲೆ ಪುಡಿ ಅಷ್ಟೇ ಕೊಡುತ್ತದೆ. ಮಧ್ಯಾಹ್ನ ಮುದ್ದೆಯೋ ಅನ್ನವೋ, ಅದರ ಜೊತೆ ತಿಳಿಸಾರಲ್ಲ, ಒಬ್ಬರಿಗೇ 35 ಗ್ರಾಂ ಬೇಳೆ ಬೀಳುವ ಗಟ್ಟಿ ತೊವ್ವೆ, ಎರಡು ಚಮಚ ಎಣ್ಣೆಯ ಒಗ್ಗರಣೆ, ಒಂದು ಬಟ್ಟಲು ಮೊಸರು. ಇದು 17 ಗ್ರಾಂ. ನಾಲ್ಕು ಗಂಟೆಗೆ ಒಂದು ಹಿಡಿ, ಅಂದರೆ 30 ಗ್ರಾಂ, ಹುರಿದ ಶೇಂಗಾ ಬೆಲ್ಲದೊಡನೆ. ಹಲ್ಲಿಲ್ಲದಿದ್ದರೆ ಕುಟ್ಟಿ ಉಂಡೆ ಮಾಡಿ ಕೊಡಿ, 7 ಗ್ರಾಂ. ರಾತ್ರಿ ಬೇಗ, ಏಳರೊಳಗೆ, ಮೆತ್ತಗಿನ ಅನ್ನಕ್ಕೆ 30 ಗ್ರಾಂ ಹುರುಳಿಕಾಳು ಅಥವಾ ಅವರೆಕಾಳಿನ ಸಾರು, 11 ಗ್ರಾಂ. ಮಲಗುವ ಮುಂಚೆ ಇನ್ನೊಂದು ಲೋಟ ಹಾಲು. ಒಟ್ಟು 56 ಗ್ರಾಂ, ಸುಮಾರು 1,600 ಕಿಲೋಕ್ಯಾಲರಿ. ಕರಾವಳಿಯವರಿಗೆ ಬಂಗುಡೆ, ಬೂತಾಯಿ ಇವೆ. 100 ಗ್ರಾಂ ಮೀನಿನಲ್ಲಿ 18ರಿಂದ 20 ಗ್ರಾಂ ಪ್ರೋಟೀನ್ ಸಿಗುತ್ತದೆ. ಅಗ್ಗದ ಇನ್ನೊಂದು ದಾರಿ ಸೋಯಾ ಚಂಕ್ಸ್. ಒಣಗಿದ್ದು 25 ಗ್ರಾಂ ತೂಗಿ ನೆನೆಸಿ ಪಲ್ಯ ಮಾಡಿದರೆ 13 ಗ್ರಾಂ.

ಇಲ್ಲಿ ಮುಖ್ಯವಾದದ್ದು ಹಂಚಿಕೆ. ಇಷ್ಟನ್ನೂ ಮೂರು ಹೊತ್ತಿಗೆ ತುರುಕಿದರೆ ಉಬ್ಬಸ ಬಂದು ಮರುದಿನದಿಂದ ಊಟವೇ ಬೇಡವಾಗುತ್ತದೆ. ಆರು ಸಲ, ಸ್ವಲ್ಪ ಸ್ವಲ್ಪ. ಊಟಕ್ಕೆ ಅರ್ಧ ಗಂಟೆ ಮೊದಲು ಕಫ ಕೆಮ್ಮಿ ತೆಗೆದು, ಸುಧಾರಿಸಿಕೊಂಡು, ಸ್ಟೂಲು ಅಥವಾ ಮೇಜಿಗೆ ಮೊಣಕೈ ಊರಿ ಕೂತು ಉಣ್ಣಬೇಕು. ನೆಲದ ಮೇಲೆ ಬಗ್ಗಿ ಕೂತರೆ ಹೊಟ್ಟೆ ಮಡಚಿ ವಪೆಗೆ ಜಾಗವಿರುವುದಿಲ್ಲ. ಮನೆಯಲ್ಲಿ ಆಕ್ಸಿಜನ್ ಇರುವವರು ಊಟದ ಹೊತ್ತಿಗೆ ಕೊಳವೆ ತೆಗೆದಿಡುತ್ತಾರೆ, ಅದು ತಪ್ಪು. ಮೂಗಿನ ಕೊಳವೆ ಇದ್ದಂತೆಯೇ ಉಣ್ಣಬಹುದು, ಉಣ್ಣಬೇಕು. ನೀರು, ಮಜ್ಜಿಗೆಯನ್ನು ಊಟದ ಮಧ್ಯೆ ಕುಡಿದು ಹೊಟ್ಟೆ ತುಂಬಿಸಿಕೊಳ್ಳದೆ ನಡುವಿನ ಹೊತ್ತಿಗೆ ಇಟ್ಟುಕೊಳ್ಳುವುದು ಒಳ್ಳೆಯದು. ಹುರುಳಿ, ಅವರೆಯಿಂದ ವಾಯು ಆಗುವವರು ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಮೊಳಕೆ ಕಟ್ಟಿ, ಚೆನ್ನಾಗಿ ಬೇಯಿಸಲಿ. ಆದರೂ ಆಗದಿದ್ದರೆ ಹೆಸರುಬೇಳೆಗೆ ಬದಲಾಯಿಸಲಿ. ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್ ಮಾತ್ರೆಯಿಂದ ಹೊಟ್ಟೆ ತೊಳಸಿ ಊಟ ಬಿಡುವವರಿದ್ದಾರೆ. ಹಸಿವಿಲ್ಲ ಎಂದವರ ಮಾತ್ರೆಗಳ ಪಟ್ಟಿಯನ್ನು ವೈದ್ಯರು ಮೊದಲು ನೋಡಬೇಕು.

ಪಥ್ಯದ ಬಗ್ಗೆ ಇಲಾಖೆಯೇ ದನಿ ಎತ್ತಬೇಕಾಗಿದೆ. ಕೆಮ್ಮು ಇದ್ದವರಿಗೆ ಹಾಲು ಕಫ, ಮೊಸರು ಶೀತ, ಬಾಳೆಹಣ್ಣು ಥಂಡಿ, ಮೊಟ್ಟೆ ಉಷ್ಣ, ಶೇಂಗಾ ಪಿತ್ತ, ಬೇಳೆ ವಾಯು ಎಂದು ಒಂದೊಂದಾಗಿ ತೆಗೆಯುತ್ತ ಹೋದರೆ ತಟ್ಟೆಯಲ್ಲಿ ಉಳಿಯುವುದು ಗಂಜಿ, ಉಪ್ಪಿನಕಾಯಿ. ಎರಡು ವಾರದ ನೆಗಡಿಗೆ ಮಾಡುವ ಪಥ್ಯವನ್ನು ಹತ್ತು ವರ್ಷದ ಕಾಯಿಲೆಗೆ ಮಾಡಿದರೆ ದೇಹ ತನ್ನ ಸ್ನಾಯುವನ್ನೇ ತಿನ್ನುತ್ತದೆ. ಹಾಲು ಶ್ವಾಸಕೋಶದಲ್ಲಿ ಕಫ ಹೆಚ್ಚಿಸುತ್ತದೆ ಎನ್ನಲು ಪುರಾವೆಯಿಲ್ಲ. ಹಾಲು ಎಂಜಲಿನೊಂದಿಗೆ ಬೆರೆತು ಗಂಟಲಲ್ಲಿ ಅಂಟಿದಂತೆ ಅನ್ನಿಸುತ್ತದೆ, ಅಷ್ಟೆ. ಕುಡಿದ ಮೇಲೆ ಎರಡು ಗುಟುಕು ಬಿಸಿನೀರು ಕುಡಿದರೆ ಹೋಗುತ್ತದೆ. ಯಾರಿಗಾದರೂ ಒಂದು ಪದಾರ್ಥ ನಿಜವಾಗಿಯೂ ಆಗದಿದ್ದರೆ ಅದೊಂದನ್ನು ಬಿಟ್ಟು ಬದಲಿ ಹುಡುಕೋಣ. ಅಕ್ಕಿ, ರಾಗಿ ತಿಂದರೆ ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತದೆ, ಬರೀ ಕೊಬ್ಬಿನ ಆಹಾರ ಕೊಡಿ ಎಂಬ ಹಳೆಯ ಸಲಹೆಯೂ ಕೆಲವು ಆಸ್ಪತ್ರೆಗಳಲ್ಲಿ ಉಳಿದುಕೊಂಡಿದೆ. ಸ್ಥಿರವಾಗಿರುವ ರೋಗಿಗಳಿಗೆ ಅದರಿಂದ ಲಾಭವಿಲ್ಲ, ಕೊಬ್ಬು ಹೆಚ್ಚಾದರೆ ಹೊಟ್ಟೆ ನಿಧಾನವಾಗಿ ಖಾಲಿಯಾಗಿ ಉಬ್ಬರವೇ ಜಾಸ್ತಿ. ಇನ್ನು ಡಬ್ಬಿ ಪುಡಿಗಳು. ಕೊಳ್ಳುವ ಮೊದಲು ಲೇಬಲ್‌ನಲ್ಲಿ ಒಂದು ಸಲದ ಪ್ರಮಾಣಕ್ಕೆ ಎಷ್ಟು ಗ್ರಾಂ ಪ್ರೋಟೀನ್, ಎಷ್ಟು ಸಕ್ಕರೆ ಎಂದು ಓದಿ. ಒಂದು ಮೊಟ್ಟೆಯಷ್ಟೂ ಪ್ರೋಟೀನ್ ಕೊಡದ ಪುಡಿಗೆ ಕೂಲಿಯವರು ಎರಡು ದಿನದ ದುಡಿಮೆ ಸುರಿಯುವುದು ಬೇಡ.

ಮೂತ್ರಪಿಂಡದ ತೊಂದರೆ ಇರುವವರು ರಕ್ತದ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತೋರುವ ಪರೀಕ್ಷೆ) ನೋಡಿಸಿಕೊಂಡು ವೈದ್ಯರು ಹೇಳಿದಷ್ಟೇ ಪ್ರೋಟೀನ್ ತೆಗೆದುಕೊಳ್ಳಲಿ. ಸಕ್ಕರೆ ಕಾಯಿಲೆಯವರು ಬೆಲ್ಲ ಬಿಟ್ಟು ಉಳಿದದ್ದನ್ನು ಇಟ್ಟುಕೊಳ್ಳಲಿ. ವಾರಗಟ್ಟಲೆ ಏನೂ ತಿನ್ನದೆ, ಬಿಎಂಐ 16ರ ಕೆಳಗಿಳಿದು ದಾಖಲಾದವರಿಗೆ ಮೊದಲ ದಿನವೇ ಹೊಟ್ಟೆ ತುಂಬ ಉಣ್ಣಿಸಬಾರದು. ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ ಕುಸಿದು ಉಸಿರಾಟದ ಸ್ನಾಯುವೇ ಕೈಕೊಡಬಹುದು, ಹೃದಯದ ಬಡಿತ ತಪ್ಪಬಹುದು. ಥಯಮಿನ್ (ವಿಟಮಿನ್ ಬಿ1) ಕೊಟ್ಟು, ರಕ್ತ ಪರೀಕ್ಷೆ ಮಾಡಿಸುತ್ತ ಕೆಲವು ದಿನಗಳಲ್ಲಿ ನಿಧಾನವಾಗಿ ಏರಿಸಬೇಕು.

ಬರೀ ಉಣ್ಣಿಸಿದರೆ ಸ್ನಾಯು ಬೆಳೆಯುವುದಿಲ್ಲ, ಕೊಬ್ಬು ಸೇರುತ್ತದೆ. ಬರೀ ವ್ಯಾಯಾಮ ಮಾಡಿಸಿದರೆ ಇರುವ ತೂಕವೂ ಇಳಿಯುತ್ತದೆ. ಎರಡೂ ಒಟ್ಟಿಗೆ ನಡೆಯಬೇಕು. ಪಲ್ಮನರಿ ರಿಹ್ಯಾಬಿಲಿಟೇಶನ್ (ಚಿಕ್ಕದಾಗಿ ರಿಹ್ಯಾಬ್) ಎನ್ನುವ ಈ ಚಿಕಿತ್ಸೆಯ ಪುರಾವೆ ಎಷ್ಟು ಗಟ್ಟಿಯೆಂದರೆ, ವೈದ್ಯಕೀಯ ಪುರಾವೆಗಳನ್ನು ತೂಗಿ ನೋಡುವ ಅಂತಾರಾಷ್ಟ್ರೀಯ ಸಂಸ್ಥೆ ಕಾಕ್ರೇನ್ 65 ಪ್ರಯೋಗಗಳನ್ನು ಒಟ್ಟುಗೂಡಿಸಿ ಮಾಡಿದ 2015ರ ಪರಾಮರ್ಶೆಯ ನಂತರ ಇನ್ನು ಇದನ್ನು ಮಾಮೂಲಿ ಆರೈಕೆಯೊಂದಿಗೆ ಹೋಲಿಸಿ ಪರೀಕ್ಷಿಸುವ ಅಗತ್ಯವೇ ಇಲ್ಲವೆಂದು ಆ ವಿಷಯವನ್ನು ಮುಕ್ತಾಯ ಮಾಡಲಾಯಿತು. ನಮ್ಮಲ್ಲಿ ಅದು ದೊಡ್ಡ ಊರುಗಳ ಕೆಲವು ಆಸ್ಪತ್ರೆಗಳನ್ನು ದಾಟಿ ಬಂದಿಲ್ಲ.

ತಾಲ್ಲೂಕು ಆಸ್ಪತ್ರೆಯ ಕಾರಿಡಾರೇ ಇದಕ್ಕೆ ಸಾಕು. ವಾರಕ್ಕೆ ಎರಡು ದಿನ ಫಿಸಿಯೋಥೆರಪಿಸ್ಟ್ ಮುಂದೆ, ಉಳಿದ ದಿನ ಮನೆಯಲ್ಲಿ, ಒಟ್ಟು ಎಂಟು ವಾರ. ಊಟವಾಗಿ ಒಂದು ಗಂಟೆ ಕಳೆದಿರಬೇಕು. ವೈದ್ಯರು ಹೇಳಿದ್ದರೆ ಗಾಳಿನಾಳ ಸಡಿಲಿಸುವ ಸಾಲ್ಬುಟಮಾಲ್ ಇನ್‌ಹೇಲರ್ ಎಳೆದುಕೊಂಡು ಹದಿನೈದು ನಿಮಿಷ ಬಿಟ್ಟು ಶುರುಮಾಡಬೇಕು. ಮೊದಲು ಉಸಿರಿನ ಕ್ರಮ: ಮೂಗಿನಿಂದ ಎರಡೆಣಿಸುವಷ್ಟು ಒಳಗೆ, ಬಿಸಿ ಹಾಲು ಆರಿಸುವ ಹಾಗೆ ತುಟಿ ಚೂಪು ಮಾಡಿ ನಾಲ್ಕೆಣಿಸುವಷ್ಟು ಹೊರಗೆ. ಎಲ್ಲ ವ್ಯಾಯಾಮದಲ್ಲೂ ಶ್ರಮ ಬೀಳುವ ಕ್ಷಣಕ್ಕೆ ಉಸಿರು ಹೊರಬಿಡಬೇಕು. ಕುರ್ಚಿಯಿಂದ ಏಳುವಾಗ ಹೊರಗೆ, ಕೂರುವಾಗ ಒಳಗೆ. ತಪ್ಪಾಗುವುದು ಇಲ್ಲೇ; ಏಳುವಾಗ ಉಸಿರು ಬಿಗಿಹಿಡಿದರೆ ಮೂರನೇ ಸಲಕ್ಕೇ ತಲೆ ಸುತ್ತುತ್ತದೆ.

ಕುರ್ಚಿಯಿಂದ ಎದ್ದು ಕೂರುವುದು ಎಂಟು ಸಲ, ಎರಡು ನಿಮಿಷ ವಿಶ್ರಾಂತಿ, ಮತ್ತೆ ಎಂಟು. ಹನ್ನೆರಡರಂತೆ ಮೂರು ಸುತ್ತು ಸುಲಭವಾದಾಗ ಒಂದು ಕೆಜಿ ಬೇಳೆ ಪೊಟ್ಟಣವನ್ನು ಎದೆಗೊತ್ತಿ ಹಿಡಿದು ಮತ್ತೆ ಎಂಟರಿಂದ ಶುರು. ಭಾರ ಏರಿಸದೆ ಅದನ್ನೇ ತಿಂಗಳುಗಟ್ಟಲೆ ಮಾಡಿಸಿದರೆ ಸ್ನಾಯು ಬೆಳೆಯುವುದಿಲ್ಲ, ಬಹುತೇಕ ಕಡೆ ಆಗುವ ಲೋಪ ಇದೇ. ಗೋಡೆ ಹಿಡಿದು ಹಿಮ್ಮಡಿ ಎತ್ತುವುದು, ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು ತೋಳು ಮುಂದಕ್ಕೆ ಎತ್ತುವುದು ಇದೇ ಲೆಕ್ಕದಲ್ಲಿ. ನಡಿಗೆಯಲ್ಲಿ ಎರಡು ನಿಮಿಷ ನಡೆದು ಒಂದು ನಿಮಿಷ ನಿಂತು, ಒಟ್ಟು ಇಪ್ಪತ್ತು ನಿಮಿಷ ತಲುಪುವುದು ಗುರಿ. ಮಾತಾಡಬಹುದಾದರೂ ಪೂರ್ತಿ ವಾಕ್ಯಕ್ಕೆ ಉಸಿರು ಸಾಲದಷ್ಟು ದಮ್ಮು ಬಂದರೆ ಅದು ಸರಿಯಾದ ಶ್ರಮ, ಹೆದರಬೇಕಾದ್ದಲ್ಲ. ಎದೆನೋವು, ಕಣ್ಣು ಕತ್ತಲೆ ಅಥವಾ ಆಕ್ಸಿಮೀಟರ್ 88ಕ್ಕಿಂತ ಕೆಳಗೆ ಎಂದರೆ ತಕ್ಷಣ ನಿಲ್ಲಿಸಬೇಕು. ವ್ಯಾಯಾಮ ಮುಗಿದ ಮೇಲೆ ಆ ದಿನದ ಮೊಟ್ಟೆಯೋ ಹಾಲೋ ಹೊಟ್ಟೆಗೆ ಬೀಳಲಿ.

ಮಾನ್ಯರೇ, ಆಹಾರವನ್ನೂ ಚಿಕಿತ್ಸೆಯಾಗಿ ಕೊಡಬಹುದೆಂದು ಸರ್ಕಾರಕ್ಕೆ ಹೊಸದಾಗಿ ಹೇಳಬೇಕಾಗಿಲ್ಲ. ಕ್ಷಯ ರೋಗಿಗಳಿಗೆ 2018ರ ಏಪ್ರಿಲ್‌ನಿಂದ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 500 ರೂಪಾಯಿ ಸಿಗುತ್ತಿತ್ತು, 2024ರ ನವೆಂಬರ್‌ನಿಂದ ಅದು 1,000 ಆಗಿದೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರು ಸಹೋದ್ಯೋಗಿಗಳೊಂದಿಗೆ ಜಾರ್ಖಂಡ್‌ನಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ರೇಷನ್ಸ್ ಅಧ್ಯಯನದಲ್ಲಿ ಕ್ಷಯ ರೋಗಿಗೆ ದಿನಕ್ಕೆ 1,200 ಕಿಲೋಕ್ಯಾಲರಿ, 52 ಗ್ರಾಂ ಪ್ರೋಟೀನ್ ಸಿಗುವಷ್ಟು ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆಯ ಕಿಟ್ ಕೊಟ್ಟರು. ಮೊದಲ ಎರಡು ತಿಂಗಳಲ್ಲಿ ಶೇ 5ರಷ್ಟು ತೂಕ ಏರಿದವರಲ್ಲಿ ಸಾವಿನ ಅಪಾಯ ಶೇ 61ರಷ್ಟು ಕಡಿಮೆಯಿತ್ತು. ಮನೆಮಂದಿಗೂ ಕಿಟ್ ಕೊಟ್ಟ ಕಡೆ ಅವರಿಗೆ ಹೊಸದಾಗಿ ಕ್ಷಯ ಬರುವುದು ಶೇ 39ರಷ್ಟು ಇಳಿಯಿತು. ಕ್ಷಯ ಬೇರೆ, ಸಿಒಪಿಡಿ ಬೇರೆ, ಆ ಅಂಕಿಗಳನ್ನು ಇಲ್ಲಿಗೆ ನೇರ ತಂದು ಹಚ್ಚುವಂತಿಲ್ಲ ಎಂಬುದು ನಮಗೆ ಗೊತ್ತು. ಆದರೆ ಪೋಷಕಾಂಶದ ನೆರವಿನಿಂದ ಸೊರಗಿದ ಸಿಒಪಿಡಿ ರೋಗಿಗಳ ತೂಕ ಏರುತ್ತದೆ ಎಂದು 2012ರ ಕಾಕ್ರೇನ್ ಪರಾಮರ್ಶೆ ಸ್ಪಷ್ಟವಾಗಿ ಹೇಳಿದೆ, ಮತ್ತು ಕಿಟ್ ತಲುಪಿಸುವ ವ್ಯವಸ್ಥೆ ನಮ್ಮಲ್ಲಿ ಈಗಾಗಲೇ ಇದೆ.

ಕ್ಷಯದ ಮಾತ್ರೆ ಮುಗಿದ ತಿಂಗಳೇ ಆಹಾರದ ನೆರವೂ ನಿಲ್ಲುತ್ತದೆ. ಕಲೆಗಟ್ಟಿದ ಶ್ವಾಸಕೋಶ, ಸೊರಗಿದ ತೊಡೆ ಮಾತ್ರ ಹಾಗೇ ಉಳಿಯುತ್ತವೆ. ಅವರ ಹೆಸರು ಕ್ಷಯದ ಪಟ್ಟಿಯಿಂದ ಬಿದ್ದುಹೋಗುತ್ತದೆ, ಎನ್‌ಸಿಡಿ ಪಟ್ಟಿಗೆ ಸೇರುವುದಿಲ್ಲ. ಚಿಕಿತ್ಸೆ ಮುಗಿದ ದಿನವೇ ತೂಕ, ಮೀನಖಂಡ, ಕುರ್ಚಿ ಪರೀಕ್ಷೆ ಮಾಡಿ, ಬೇಕಾದವರನ್ನು ಎನ್‌ಸಿಡಿ ಕ್ಲಿನಿಕ್‌ಗೆ ದಾಟಿಸುವ ಆದೇಶವೊಂದರಿಂದಲೇ ಸಾವಿರಾರು ಜನಕ್ಕೆ ಉಪಕಾರವಾಗುತ್ತದೆ.

ಸಿಒಪಿಡಿಯವರಿಗೆ ಬೇಕಾದ ಕಿಟ್ ದೊಡ್ಡದೇನಲ್ಲ. ತಿಂಗಳಿಗೆ ಬೇಳೆ ಒಂದು ಕೆಜಿ, ಶೇಂಗಾ ಒಂದು ಕೆಜಿ, ಕಾಳು ಒಂದು ಕೆಜಿ, ಮೊಟ್ಟೆ 30 ಅಥವಾ ಹುರಿಗಡಲೆ ಒಂದು ಕೆಜಿ, ದಿನಕ್ಕೆ 400 ಮಿಲಿ ಹಾಲಿಗೆ ಸಮನಾದ ಒಂದೂವರೆ ಕೆಜಿ ಹಾಲಿನ ಪುಡಿ, ಅರ್ಧ ಲೀಟರ್ ಎಣ್ಣೆ. ಅಕ್ಕಿ ಅನ್ನಭಾಗ್ಯದಲ್ಲಿ ಬರುತ್ತಿದೆ. ಹೆಚ್ಚುವರಿ 5 ಕೆಜಿ ಅಕ್ಕಿಯ ಬದಲು ಬೇಳೆ, ಎಣ್ಣೆ ಇರುವ ಇಂದಿರಾ ಆಹಾರ ಕಿಟ್ ಕೊಡಲು 2025ರ ಅಕ್ಟೋಬರ್‌ನಲ್ಲಿ ಸಂಪುಟ ತೀರ್ಮಾನಿಸಿದ್ದನ್ನು ನಾವು ಸ್ವಾಗತಿಸುತ್ತೇವೆ. ಆದರೆ ಅದು ಇಡೀ ಕುಟುಂಬದ ಪಾಲು. ನಾಲ್ವರ ಮನೆಯಲ್ಲಿ ಕೆಮ್ಮುವ ಅಜ್ಜಿಯ ತಟ್ಟೆಗೆ ಬೇಳೆ ಕೊನೆಯಲ್ಲಿ ಬೀಳುತ್ತದೆ. ಆದ್ದರಿಂದ ರೋಗಿಯ ಹೆಸರಿನಲ್ಲೇ ಕನಿಷ್ಠ ಮೂರು ತಿಂಗಳ ಕಿಟ್ ಬೇಕು, ಪ್ರತಿ ತಿಂಗಳು ತೂಕ ನೋಡಿಯೇ ಮುಂದಿನದನ್ನು ಕೊಡಬೇಕು. ಎರಡು ತಿಂಗಳಾದರೂ ಒಂದು ಕೆಜಿಯೂ ಏರದಿದ್ದರೆ ಕಿಟ್ ನಿಲ್ಲಿಸುವುದಲ್ಲ, ಏಕೆ ಏರಲಿಲ್ಲ ಎಂದು ಹುಡುಕಬೇಕು: ಮನೆಯಲ್ಲಿ ಹಂಚಿಹೋಯಿತೇ, ಇನ್‌ಹೇಲರ್ ಎಳೆಯುವ ಕ್ರಮ ತಪ್ಪಿದೆಯೇ, ಒಲೆಯ ಹೊಗೆ, ಬೀಡಿ ಇನ್ನೂ ನಡೆದಿದೆಯೇ, ಹಲ್ಲು ಇಲ್ಲವೇ, ಮನಸ್ಸು ಕುಗ್ಗಿದೆಯೇ.

ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನ ಅತ್ಯಂತ ಮುಖ್ಯ. ಅಮೆರಿಕದ ಮೆಡಿಕೇರ್ (ಮುಖ್ಯವಾಗಿ ಹಿರಿಯರ ಸರ್ಕಾರಿ ಆರೋಗ್ಯ ವಿಮೆ) ದಾಖಲೆಗಳನ್ನು ನೋಡಿ 2020ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಬಿಡುಗಡೆಯಾಗಿ 90 ದಿನದೊಳಗೆ ರಿಹ್ಯಾಬ್ ಶುರು ಮಾಡಿದವರಲ್ಲಿ ವರ್ಷದೊಳಗೆ ತೀರಿಕೊಂಡವರು ಶೇ 7.3, ಮಾಡದವರಲ್ಲಿ ಶೇ 19.6. ಗಟ್ಟಿಮುಟ್ಟಾದವರೇ ರಿಹ್ಯಾಬ್‌ಗೆ ಹೋಗಿರಬಹುದು ಎಂದು ಒಂದಷ್ಟು ಕಳೆದರೂ ಅಂತರ ದೊಡ್ಡದೇ. ನಮ್ಮ ಡಿಸ್ಚಾರ್ಜ್ ಸಾರಾಂಶದಲ್ಲಿ ನಾಲ್ಕು ಸಾಲು ಕಡ್ಡಾಯವಾಗಲಿ. ಇಂದಿನ ತೂಕ, ಕುರ್ಚಿ ಪರೀಕ್ಷೆಯ ಸೆಕೆಂಡು, ದಿನಕ್ಕೆ ಬೇಕಾದ ಪ್ರೋಟೀನ್ ಗ್ರಾಂ ಲೆಕ್ಕದಲ್ಲಲ್ಲದೆ ಮೊಟ್ಟೆ, ಹಾಲು, ಬೇಳೆಯ ಲೆಕ್ಕದಲ್ಲಿ, ನಾಲ್ಕು ವಾರದೊಳಗೆ ವ್ಯಾಯಾಮಕ್ಕೆ ಬರಬೇಕಾದ ದಿನಾಂಕ. ಸ್ಟೀರಾಯ್ಡ್ ಮಾತ್ರೆ ನಿಲ್ಲಿಸುವ ದಿನಾಂಕವನ್ನೂ ಅಲ್ಲೇ ದಪ್ಪಕ್ಷರದಲ್ಲಿ ಬರೆಯಬೇಕು. ವಾರ್ಡಿನಲ್ಲಿದ್ದಾಗಲೇ ಎರಡನೇ ದಿನದಿಂದ, ಸ್ಥಿತಿ ಅನುಮತಿಸಿದರೆ, ಹಾಸಿಗೆಯ ಅಂಚಿನಿಂದ ಎದ್ದು ಕೂರುವುದನ್ನು ದಿನಕ್ಕೆರಡು ಸಲ ಮಾಡಿಸಬೇಕು. ಆಸ್ಪತ್ರೆಯ ಊಟದಲ್ಲಿ ಅವರಿಗೆ ಒಂದು ಮೊಟ್ಟೆ, ಒಂದು ಲೋಟ ಹಾಲು ಹೆಚ್ಚಿಗೆ ಸಿಗಬೇಕು.

ಗೃಹ ಆರೋಗ್ಯ ಯೋಜನೆಯಲ್ಲಿ ಸಿಬ್ಬಂದಿ ಹೇಗೂ ಮನೆಮನೆಗೆ ಹೋಗುತ್ತಿದ್ದಾರೆ. ಅವರ ಚೀಲಕ್ಕೆ ಒಂದು ಟೇಪು ಸೇರಲಿ, ನಮೂನೆಗೆ ಮೂರು ಪ್ರಶ್ನೆ ಸೇರಲಿ: ಆರು ತಿಂಗಳಲ್ಲಿ ಬಟ್ಟೆ ಸಡಿಲವಾಗಿದೆಯೇ, ಕೈ ಊರದೆ ಏಳಬಲ್ಲಿರಾ, ಊಟದ ಮಧ್ಯೆ ದಮ್ಮು ಬಂದು ನಿಲ್ಲಿಸುತ್ತೀರಾ. ಈ ಕೆಲಸಕ್ಕೆ ಆಶಾ ಕಾರ್ಯಕರ್ತೆಯರಿಗೆ ಪ್ರತ್ಯೇಕ ಪ್ರೋತ್ಸಾಹಧನ ಕೊಡದೆ ಹೊರೆ ಮಾತ್ರ ಹೊರಿಸಬಾರದು ಎಂಬುದನ್ನೂ ಒತ್ತಿ ಹೇಳುತ್ತೇವೆ. ಫಿಸಿಯೋಥೆರಪಿಸ್ಟ್ ಇಲ್ಲದ ತಾಲ್ಲೂಕುಗಳಿಗೆ ಜಿಲ್ಲಾಸ್ಪತ್ರೆಯಿಂದ ವಾರಕ್ಕೆರಡು ದಿನ ಒಬ್ಬರನ್ನು ಕಳಿಸಬಹುದು, ಖಾಲಿ ಹುದ್ದೆ ತುಂಬುವವರೆಗೆ ಕಾಯಬೇಕಿಲ್ಲ.

ಕೆಮ್ಮು, ಉಬ್ಬಸ ಉಲ್ಬಣಿಸಿ ದಾಖಲಾಗುವವರ ಸಂಖ್ಯೆ ಚಳಿಗಾಲದಲ್ಲಿ ಏರುತ್ತದೆ. ನವೆಂಬರ್‌ಗೆ ಮೊದಲು ಎಲ್ಲ ಎನ್‌ಸಿಡಿ ಕ್ಲಿನಿಕ್‌ಗಳಿಗೆ ಟೇಪು ಮತ್ತು ದಾಖಲೆ ನಮೂನೆ ತಲುಪುವಂತೆ, ಜಿಲ್ಲೆಗೆ ಎರಡು ತಾಲ್ಲೂಕುಗಳಲ್ಲಾದರೂ ಕಿಟ್ ಮತ್ತು ವ್ಯಾಯಾಮ ಶುರುವಾಗುವಂತೆ ಸುತ್ತೋಲೆ ಹೊರಡಿಸಬೇಕೆಂದು ಕೋರುತ್ತೇವೆ. ನಮೂನೆ ಸಿದ್ಧಪಡಿಸುವುದಕ್ಕೂ ಸಿಬ್ಬಂದಿಗೆ ಒಂದು ದಿನದ ತರಬೇತಿ ಕೊಡುವುದಕ್ಕೂ ಸಂಭಾವನೆಯಿಲ್ಲದೆ ಬರಲು ನಾವು ಸಿದ್ಧರಿದ್ದೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಶ್ವಾಸಕೋಶ ರೋಗಿಗಳ ಆರೈಕೆಯಲ್ಲಿರುವ ವೈದ್ಯರು, ಫಿಸಿಯೋಥೆರಪಿಸ್ಟ್‌ಗಳು ಮತ್ತು ಆಹಾರ ತಜ್ಞರು